ಸಿಂಗಯ್ಯನ ಅಗ್ಗದ ಕೆಂಪು

ಬಹಳ ಕಾಲದ ಹಿಂದೆ ಕೆಂಗೋಡು ರಾಜ್ಯದಲ್ಲಿ ಎಲ್ಲರೂ ಒಂದು ಮಾತು ನಂಬಿದ್ದರು: ಗುರಾಣಿಗಳಿಗೆ ಮಾಂತ್ರಿಕನ ಕೆಂಪು ಬಳಿಯದಿದ್ದರೆ, ಸೋತು ಕಲ್ಲಾದ ಶತ್ರುಸೈನಿಕರು ಗಡಿಯಿಂದ ಎದ್ದು ಬರುತ್ತಾರೆ. ಎದ್ದದ್ದನ್ನು ಕಂಡವರಿರಲಿಲ್ಲ. ಹತ್ತಿರ ಹೋದವರೂ ಇರಲಿಲ್ಲ.

ವರ್ಷಕ್ಕೊಮ್ಮೆ ಮೈದಾನದಲ್ಲಿ ಆ ಹಳೆಯ ಯುದ್ಧವನ್ನು ಮತ್ತೆ ಆಡಿ ತೋರಿಸುತ್ತಿದ್ದರು. ಗುರಾಣಿಗಳಿಗೆ ಬಣ್ಣ ಬಳಿಯುವವನು ಸಿಂಗಯ್ಯ. ಬಣ್ಣದ ಬೆಲೆ ಬಳಿಯುವವನೇ ತೆರಬೇಕೆಂಬುದು ಪದ್ಧತಿ. ಮಾಂತ್ರಿಕ ಹಣ ಕೇಳುತ್ತಿರಲಿಲ್ಲ. ಒಂದು ಭರಣಿ ಕೆಂಪಿಗೆ ಒಬ್ಬರು ಸಿಂಗಯ್ಯನನ್ನು ಮರೆಯಬೇಕು, ಅಷ್ಟೇ.

ಹನ್ನೆರಡು ವರ್ಷದಲ್ಲಿ ಊರಿಗೆ ಊರೇ ಮರೆತಿತ್ತು. ಜೊತೆಗೆ ಆಡಿ ಬೆಳೆದ ಹುಣಸೆ ವ್ಯಾಪಾರಿ, "ತಮ್ಮದು ಯಾವೂರಾಯ್ತು?" ಎಂದು ಮರ್ಯಾದೆಯಿಂದ ಕೇಳುತ್ತಿದ್ದ. ಬೈದಿದ್ದರೆ ವಾಸಿಯಿತ್ತು.

ಈ ವರ್ಷ ಒಂದು ಭರಣಿ ಸಾಕಿತ್ತು. ಅವನನ್ನು ಬಲ್ಲವಳೂ ಒಬ್ಬಳೇ ಉಳಿದಿದ್ದಳು, ಅಕ್ಕ ಪದ್ದವ್ವ.

"ನನ್ನ ನೆನಪನ್ನೂ ಕೊಟ್ಟುಬಿಡೋ ಮಸಿಮೂತಿ," ಎಂದಳು ಅಕ್ಕ. "ಗುರುತಿಲ್ಲದವರು ಬಂದರೂ ನಾನು ಮುದ್ದೆ ಇಕ್ಕಲ್ವಾ?"

"ಮಸಿಮೂತಿ ಅಂತ ಆಗ ಕರೀತೀಯಾ?"

ಅವಳು ಒಲೆಯ ಕಡೆ ತಿರುಗಿದಳು. ಸಿಂಗಯ್ಯ ಬೇರೆ ಕೆಂಪು ಹುಡುಕಿ ಹೊರಟ.

ಮೊದಲು ಮಾತಾಡುವ ಹಾವು ಸಿಕ್ಕಿತು. ಅದು ಅರಗು ಕೊಟ್ಟಿತು, ಬಿಸಿಲಿಗೆ ಅಂಟಂಟಾಯಿತು. ಆಮೇಲೆ ಎರಡು ತಲೆಯ ಗಿಳಿ ಸಿಕ್ಕಿತು. ಅರಿಸಿನಕ್ಕೆ ಸುಣ್ಣ ಬೆರೆಸು ಎಂದು ಒಂದು ತಲೆ ಹೇಳಿತು, ಬೇಡ ಎಂದು ಇನ್ನೊಂದು. ಎರಡನೆಯದರ ಮಾತೇ ಸರಿ; ನಾಲ್ಕು ದಿನಕ್ಕೆ ಕೆಂಪು ಹೋಗಿ ಹಳದಿ ಬಂತು. ಮೂರನೆಯದು ಆನೆಯಷ್ಟು ದೊಡ್ಡ ಹಂದಿ, ಕೆಮ್ಮಣ್ಣಿನ ಗುಡ್ಡದ ಒಡೆಯ.

"ಬೆಲೆ ಏನು?" ಎಂದ ಸಿಂಗಯ್ಯ.

"ಮಣ್ಣಿಗಾ?" ಹಂದಿ ನಕ್ಕಿತು. "ನಾನು ದಿನಾ ಹೊರಳಾಡೋ ಜಾಗ ಕಣಯ್ಯ. ತಗೊಂಡು ಹೋಗು."

ಅವನು ಮಣ್ಣನ್ನು ಅರೆದು, ಸೋಸಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಒಂದು ಗುರಾಣಿಗೆ ಬಳಿದ. ಕರಗಲಿಲ್ಲ, ಬಣ್ಣ ತಿರುಗಲಿಲ್ಲ.

ಅರಮನೆಯ ಅಧಿಕಾರಿ ಮೂಗು ಮುರಿದ. "ಮಂಕಾಗಿದೆ. ಕಲ್ಲಿನವರು ಎದ್ದರೆ?"

"ಎದ್ದರೆ ನೋಡೋಣ ಬುದ್ಧಿ."

"ನಾವಲ್ಲ, ನೀನು ನೋಡು. ಆಟದ ದಿನ ಇದನ್ನು ಹಿಡಿದು ಅವರ ಮುಂದೆ ನಿಂತಿರು."

ನಿಂತ. ನಲವತ್ತು ಕಲ್ಲಿನ ಮುಖಗಳೆದುರು ಒಂದು ಗುರಾಣಿ. ದೂರದಲ್ಲಿ ಊರಿನ ನಗಾರಿ ಬಡಿಯುತ್ತಿತ್ತು. ತಾನು ಸತ್ತರೆ, ಸತ್ತವನು ಯಾರೆಂದು ಅಲ್ಲಿ ಯಾರೂ ಹೇಳಲಾರರು ಎಂದುಕೊಂಡ. ಬುತ್ತಿ ಹೊತ್ತು ಬಂದವಳು ಅಕ್ಕ ಒಬ್ಬಳೇ. ಮಧ್ಯಾಹ್ನ ಕಳೆದರೂ ಒಂದು ಕಲ್ಲೂ ಅಲುಗಲಿಲ್ಲ. ಬುತ್ತಿ ಬಿಚ್ಚಲು ನೆರಳು ಹುಡುಕುತ್ತ ಅವಳು ಸೈನಿಕರ ಹಿಂದಕ್ಕೆ ಹೋದಳು.

"ಲೋ ಮಸಿಮೂತಿ, ಬಾ ಇಲ್ಲಿ!"

ಮರುದಿನ ಊರೆಲ್ಲ ಬಂದು ನೋಡಿತು. ಕೊಳ್ಳುವವರಿಲ್ಲದೆ ಮಾಂತ್ರಿಕನ ಮಾಟ ಭರಣಿಯಲ್ಲೇ ಒಣಗಿತು. ಎಲ್ಲರೂ ಸುಖವಾಗಿದ್ದರು. ಮರೆತವರಿಗೆ ನೆನಪು ಮಾತ್ರ ಮರಳಲಿಲ್ಲ. ಸಿಂಗಯ್ಯ ಮನೆಮನೆಗೆ ಹೋಗಿ ತನ್ನ ಹೆಸರು ಹೇಳಿಕೊಂಡ.

ಅಕ್ಕ ತೋರಿಸಿದ್ದು ಇಷ್ಟೇ: ನಲವತ್ತೂ ಬೆನ್ನುಗಳ ಮೇಲೆ ಕಲ್ಲುಕುಟಿಗನ ಉಳಿಯ ಗುರುತುಗಳಿದ್ದವು.