ಮೂರನೆಯ ಕರೆಗೆ ಮುಂಚೆ

"ಯಾರದು ಪೊದೆ ಹಿಂದೆ? ಒಂಚೂರು ದಾರಿ ಹೇಳಣ್ಣಾ!"

ಬಹಳ ಹಿಂದೆ, ಕಾಗೆಯೂ ಹಾರದ ಮರಳುನಾಡಿನಲ್ಲಿ ಹೀಗೆ ಕೂಗಿದವಳು ಸೂಜಿ, ಬಾಚಣಿಗೆ ಮಾರುವ ಮಾಳವ್ವ. ಏಳು ರಾಜ್ಯ ಸುತ್ತಿದವಳಿಗೂ ಇಲ್ಲಿ ದಾರಿ ತಪ್ಪಿತ್ತು. ಬೆಳಗಿನಿಂದ ಎತ್ತ ನಡೆದರೂ ಎದುರಿಗೆ ಅದೇ ಕರಿಕೋಟೆ.

ಪೊದೆಯ ನೆರಳಿನ ಗುಳಿಯಲ್ಲಿ ಮೊಲವೊಂದು ಕಲ್ಲಿನಂತೆ ಕೂತಿತ್ತು. ಅದರ ದೊಡ್ಡ ಕಿವಿಗಳಲ್ಲಿ ಬಿಸಿಲು ತೂರಿ ನರಗಳೆಲ್ಲ ಕೆಂಪಗೆ ಕಾಣುತ್ತಿದ್ದವು.

"ಅಣ್ಣ ಅಲ್ಲ, ಅಕ್ಕ," ಎಂದಿತು ಮೊಲ. "ಕೋಟೆಯ ಬಾವಿ ನೀರು ಕುಡಿದೆಯಾ?"

"ಕುಡಿದೆ. ಕೋಟೆಯ ಯಜಮಾನ ಮರಳೊಡೆಯನೇ ಬೊಗಸೆಗೆ ಹೊಯ್ದ. ಅವನು ಮಂತ್ರವಾದಿ ಅಂತ ಯಾರು ಕಂಡಿದ್ದರು?"

"ಹೊರಡುವಾಗ ಏನಂದೆ?"

"ಎಲ್ಲರೂ ಅನ್ನೋದೇ. 'ಬರ್ತೀನಿ' ಅಂದೆ. 'ಹೋಗ್ತೀನಿ' ಅನ್ನೋಕಾಗುತ್ತಾ, ಅಪಶಕುನ!"

ಮೊಲದ ಮೂಗು ಅದುರಿತು. "ಹಾಗಾದರೆ ಅವನ ಬಳಿಗೆ ಮತ್ತೆ ಬರುವುದು ಬಾಕಿ ಉಳಿಯಿತು. ಅವನು ಮೂರು ಸಲ ಕರೆಯುತ್ತಾನೆ. ಮೂರನೆಯದಕ್ಕೆ ಎಳೆದೊಯ್ದು ಮರಳಿನ ಕಂಬ ಮಾಡುತ್ತಾನೆ. ನಾವು ಬೇರು ಅಗಿದು ಬದುಕೋರು, ಬಾವಿಗೆ ಹೋಗೋರಲ್ಲ. ಅದಕ್ಕೇ ಉಳಿದಿದ್ದೀವಿ."

"ಮಾಳವ್ವಾ!" ಗಾಳಿ ಕರೆಯಿತು. ಮರಳೊಡೆಯನ ಮಂತ್ರದ ಗಿಡುಗವೊಂದರ ನೆರಳು ಅವಳ ಬೆನ್ನ ಮೇಲೆ ಹರಿದುಹೋಯಿತು.

"ಅಲುಗಬೇಡ," ಎಂದಿತು ಮೊಲ. ಅವಳು ಅಲುಗಲಿಲ್ಲ. ಉಸಿರನ್ನೂ ನುಂಗಿಕೊಂಡಳು.

"ಮಾಳವ್ವಾ!" ಈ ಸಲ ಸತ್ತ ತಾಯಿಯ ದನಿ. ಕಾಲುಗಳು ತಾವೇ ಎದ್ದು ನಡೆದವು. ಮೊಲ ಸೆರಗು ಕಚ್ಚಿ ಹಿಂದಕ್ಕೆಳೆಯಿತು. ಮಾಳವ್ವನ ಬೆರಳ ತುದಿಗಳಿಂದ ಆಗಲೇ ಮರಳು ಉದುರತೊಡಗಿತ್ತು.

"ಅಕ್ಕಾ," ಎಂದಳು, "ಕಂಬವಾದವರು ಕೋಟೆಗೆ ಬಂದರಲ್ಲ? ಅವರ ಬಾಕಿ ಯಾಕೆ ತೀರಲಿಲ್ಲ?"

"ಬಂದರೆಲ್ಲಿ? ಎಲ್ಲರನ್ನೂ ಎಳೆದು ತಂದ. ತಾನಾಗಿ ಬಂದು ಬಾಕಿ ತೀರಿಸಿ ಅವನ ಮಂತ್ರ ಮುರಿದವರು ಒಬ್ಬರೂ ಇಲ್ಲ."

ಮಾಳವ್ವ ಎದ್ದಳು.

"ಹುಚ್ಚೀ, ಎಲ್ಲಿಗೆ?"

"ಅವನು ಇನ್ನೊಮ್ಮೆ ಬಾಯಿ ತೆಗೆಯೋದರೊಳಗೆ ತಲುಪಬೇಕು."

ಓಡಿದಳು. ಕೋಟೆಬಾಗಿಲ ಎರಡೂ ಬದಿಗೆ ಕಂಬಗಳು. ಒಂದೊಂದಕ್ಕೂ ತೆರೆದ ಬಾಯಿ. ಬಾವಿಕಟ್ಟೆಯ ಮೇಲೆ ಮರಳೊಡೆಯ ನಿಂತಿದ್ದ. ಅವನ ತುಟಿಯಲ್ಲಿ "ಮಾ..." ಆಗಲೇ ಹೊರಬಿದ್ದಿತ್ತು. ಮಾಳವ್ವ ಮುಗ್ಗರಿಸಿ ಬಿದ್ದಳು. ತೆವಳಿಕೊಂಡೇ ಹೊಸ್ತಿಲು ದಾಟಿದಳು.

"ಬಂದೆನಪ್ಪಾ!" ಎಂದು ಕಿರುಚಿದಳು. "ಯಾರೂ ಎಳೆದಿಲ್ಲ, ನಾನಾಗೇ ಬಂದೆ. ಬರ್ತೀನಿ ಅಂದಿದ್ದೆ, ಬಂದೆ. ನಿನ್ನ ಬಾಕಿ ತೀರಿತು!"

ಮರಳೊಡೆಯನ ಬಾಯಿ ತೆರೆದದ್ದು ತೆರೆದೇ ಇತ್ತು. ಅದರಿಂದ ಮರಳು ಸುರಿಯಿತು. ಸುರಿದು ಸುರಿದು ಅವನೇ ಮುಗಿದುಹೋದ. ಕಂಬಗಳು ಕೆಮ್ಮಿದವು, ಕಣ್ಣುಜ್ಜಿಕೊಂಡವು, ಮನುಷ್ಯರಾದವು. ಅವರೆಲ್ಲ ಊರು ಸೇರಿ ಸುಖವಾಗಿ ಬಾಳಿದರು. ಮಾಳವ್ವನ ಕಾಲು ಅಂದಿನಿಂದ ಅವಳು ಹೇಳಿದತ್ತಲೇ ನಡೆಯಿತು.