ಕೈ ಮಡಚಿದ ಮುಳುಗುಗಾರ

"ಮಾವನ ಕೋಣೆಗೆ ಹೋಗು, ಬೇಡ ಅನ್ನಲ್ಲ. ನೋಡು. ಆದ್ರೆ ಏನನ್ನೂ ಬಿಚ್ಚಬೇಡ ಕಣೇ," ಎಂದರು ಅತ್ತೆ. ಹೇಳುವಾಗ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದರು, ಬಾಗಿಲಿಗೂ ಕೇಳಿಸಬಾರದು ಎನ್ನುವ ಹಾಗೆ. "ಬಿಚ್ಚಿದ ಕೈ ಬಿದ್ದುಹೋಗತ್ತೆ."

"ಅತ್ತೆ, ಮದುವೆಗೆ ಮುಂಚೆ ನಾನು ಹೊಟ್ಟೆ ಹೊರೆದದ್ದೇ ಗೊಂಬೆ ಬಿಚ್ಚಿ. ಹಾಗೆ ಬೀಳೋದಾದ್ರೆ ಜರಿಹುಳದಷ್ಟು ಕೈ ಬೇಕಾಗಿತ್ತು ನನಗೆ."

ಅತ್ತೆ ನಗಲಿಲ್ಲ.

ಸೊಸೆ ಹೆಚ್ಚು ಮಾತಿನವಳಲ್ಲ. ಮದುವೆಗೆ ಮುಂಚೆ ಹಳೆಯ ಗೊಂಬೆಗಳನ್ನು ಸರಿಮಾಡುವ ಅಂಗಡಿಯೊಂದರಲ್ಲಿ ತಲೆ ಬಗ್ಗಿಸಿ ಕೂತಿರುತ್ತಿದ್ದಳು. ಗೇಣುದ್ದದ ಸಿಪಾಯಿ, ಗಗನಯಾತ್ರಿ, ಬೆಟ್ಟ ಹತ್ತುವವ. ಅಂಥ ವೀರರ ಎದೆಯೊಳಗೆ ಒಂದು ರಬ್ಬರು ಕೈಕಾಲುಗಳನ್ನೆಲ್ಲ ಒಟ್ಟಿಗೆ ಹಿಡಿದಿರುತ್ತದೆ. ವಯಸ್ಸಾದಂತೆ ಅದು ಪುಡಿಯಾಗುತ್ತದೆ. ಬೆನ್ನಿನ ತಿರುಪು ತೆಗೆದು ಹೊಸ ರಬ್ಬರು ಹಾಕುವುದೇ ಅವಳ ಕೆಲಸ. ಹೊಸದನ್ನು ಪೋಣಿಸಿದ ಮೇಲೆಯೇ ಹಳೆಯದನ್ನು ಕತ್ತರಿಸಬೇಕು. ಇಲ್ಲದಿದ್ದರೆ ವೀರ ಮೇಜಿನ ಮೇಲೆ ಚೆಲ್ಲಾಪಿಲ್ಲಿ.

ಒಂದು ದಿನ ಅಂಗಡಿಯ ಕಟ್ಟೆಗೆ ಒರಗಿ ನಿಂತವನೊಬ್ಬ ಕೇಳಿದ್ದ: "ಮನುಷ್ಯರ ಕೈಗೂ ರಬ್ಬರು ಹಾಕ್ತೀರಾ?" ಅವನ ಬಲಗೈ ಮಡಚಿಕೊಂಡು ಎದೆಗೆ ಅಂಟಿತ್ತು, ಒಣಗಿದ ಕೊಂಬೆಯ ಹಾಗೆ. ಅವಳು ತಲೆ ಎತ್ತದೆ ಹೇಳಿದಳು: "ತಿರುಪು ಎಲ್ಲಿದೆ ತೋರಿಸಿ." ಅಂದಿನಿಂದ ಅವನು ಅವಳನ್ನು 'ರಿಪೇರಿ' ಎಂದೇ ಕರೆದ. ಮದುವೆಯಾದ ಮೇಲೂ ಅದೇ ಹೆಸರು.

ವೈದ್ಯರು ನರ ಸರಿಯಾಗಿದೆ ಎಂದಿದ್ದರು. ದಿನಾ ವ್ಯಾಯಾಮ ಮಾಡಿದರೆ ಕೈ ಬರಬಹುದು. ಗಂಡ ಮಾತ್ರ ಒಪ್ಪುತ್ತಿರಲಿಲ್ಲ. "ಅದು ನಂದಲ್ಲ ಬಿಡೇ ರಿಪೇರಿ. ಅಪ್ಪನ ಕೋಣೇಲಿದೆ," ಎಂದು ನಕ್ಕುಬಿಡುತ್ತಿದ್ದ. ಆ ನಗು ಅವಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಮಾವನ ಕೋಣೆಯಲ್ಲಿ ಹಗಲೆಂಬುದೇ ಇರಲಿಲ್ಲ. ಬಿಸಿಲಿಗೆ ಬಣ್ಣ ಮಾಸುತ್ತದೆಂದು ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರು. ಹಳೆಯ ಪ್ಲಾಸ್ಟಿಕ್ಕಿನ ಹುಳಿ ವಾಸನೆ, ಅದರಡಿಯಲ್ಲಿ ಕೂದಲು ಸುಟ್ಟಂಥ ಇನ್ನೊಂದು ವಾಸನೆ. ಗೋಡೆಯುದ್ದಕ್ಕೂ ಒಡೆಯದ ಡಬ್ಬಿಗಳು, ಪಾರದರ್ಶಕ ಮುಚ್ಚಳದ ಹಿಂದೆ ಹುಟ್ಟಿದ ದಿನದಿಂದ ನಿಂತೇ ಇರುವ ವೀರರು. ಮಾವ ತಮ್ಮದೇ ನರೆಗೂದಲು ಕಟ್ಟಿ ಮಾಡಿದ ಕುಂಚದಿಂದ ಅವುಗಳ ಧೂಳು ಒರೆಸುತ್ತಿದ್ದರು. ಅಂಗಡಿಯ ಕುಂಚ ಬಣ್ಣ ಕೆರೆಯುತ್ತದಂತೆ.

"ಚಿಕ್ಕಂದಿನಲ್ಲಿ ನನ್ನ ಹತ್ರ ಒಂದೂ ಇರಲಿಲ್ಲ," ಎಂದು ಅವರು ಅವಳಿಗೆ ಹೇಳಿದ್ದುಂಟು. ಕಣ್ಣಲ್ಲಿ ನೀರಿತ್ತು. "ಪಕ್ಕದ ಮನೆ ಹುಡುಗರು ಆಡಿ ಮುರಿದು ಬಿಸಾಡೋರು. ನಾನು ನೋಡ್ತಾ ನಿಂತಿರ್ತಿದ್ದೆ. ತಿಳ್ಕೋ ತಾಯಿ, ಇವು ಆಡೋಕಲ್ಲ. ಇಡೋಕೆ."

ಗಾಜಿನ ಕಪಾಟಿನ ನಡುವೆ ಒಬ್ಬನೇ ನಿಂತಿದ್ದವನು ಕಡಲ ತಳಕ್ಕಿಳಿಯುವ ಮುಳುಗುಗಾರ. ಹಿತ್ತಾಳೆ ಬಣ್ಣದ ಶಿರಸ್ತ್ರಾಣ, ದಪ್ಪ ಬೂಟು. ಅವನಿಗೆ ಮಾತ್ರ ಡಬ್ಬಿ ಇಲ್ಲ. ಅವನ ಬಲಗೈ ಮಡಚಿಕೊಂಡು ಎದೆಗೆ ಅಂಟಿತ್ತು.

ಆ ಮಡಿಕೆಯನ್ನು ಅವಳು ದಿನಾ ಹಾಸಿಗೆಯಲ್ಲಿ ನೋಡುತ್ತಿದ್ದಳು. ಮೊಣಕೈಯ ಅದೇ ಕೋನ. ಒಳಕ್ಕೆ ತಿರುಗಿದ ಅದೇ ಹೆಬ್ಬೆರಳು.

ಕೇಳಿದಾಗ ಅತ್ತೆ ಸೆರಗು ಬಾಯಿಗೊತ್ತಿಕೊಂಡು ಹೇಳಿದರು. ಎಳೆಯ ಮಗ ಒಮ್ಮೆ ಆ ಡಬ್ಬಿ ಹರಿದು, ಮುಳುಗುಗಾರನನ್ನು ಬಚ್ಚಲ ಬಕೆಟ್ಟಿನಲ್ಲಿ ಈಜಿಸಿದ್ದ. ಬಲಗೈಯ ರಬ್ಬರು ಕಿತ್ತು ಬಂದಿತ್ತು. ಮಾವ ಹೊಡೆಯಲಿಲ್ಲ, ಬೈಯಲಿಲ್ಲ. ಮಲಗಿದ್ದ ಮಗನ ತಲೆಯಿಂದ ಒಂದು ಹಿಡಿ ಕೂದಲು ಕತ್ತರಿಸಿಕೊಂಡು ಯಾರೋ ಮಾಟಗಾರನ ಬಳಿ ಹೋದರು. ಮರುದಿನ ಬೆಳಿಗ್ಗೆ ಮಗ ಹಲ್ಲುಜ್ಜಲು ಕೈ ಎತ್ತಿದ. ಏಳಲಿಲ್ಲ.

"ಮಗು ಹೆದರಿರತ್ತೆ, ಅಷ್ಟೇ," ಎಂದಳು ಅವಳು. "ಆ ಗೊಂಬೆ ಕೈ ನೆಟ್ಟಗೆ ಮಾಡಿ ಇವರ ಮುಂದಿಡ್ತೀನಿ. ಆಗ ಹೆದರಿಕೆ ಬಿಟ್ಟು ವ್ಯಾಯಾಮಕ್ಕೆ ಹೋಗ್ತಾರೆ."

"ಬೇಡ ತಾಯಿ. ನಿನ್ನ ಕಾಲು ಹಿಡ್ಕೋತೀನಿ."

"ಕಾಲು ಯಾಕೆ ಅತ್ತೆ? ಹೋಗೋದು ಕೈ ತಾನೇ?"

ಮಾವ ಯಾರದೋ ಮನೆಯ ಹಳೆಯ ಗೊಂಬೆ ನೋಡಲು ಹೊರಟ ಮಧ್ಯಾಹ್ನ ಅವಳು ತಿರುಪುಳಿ, ಕತ್ತರಿ ಹಿಡಿದು ಒಳಗೆ ಹೋದಳು. ದೀಪ ಹಾಕಿದಳು. ಅದು ಮಿಣುಕಿ ಆರಿತು. ಬಾಗಿಲ ಸಂದಿಯ ಬೆಳಕಿನಲ್ಲೇ ಮುಳುಗುಗಾರನನ್ನು ಮಡಿಲಿಗೆ ಹಾಕಿಕೊಂಡಳು. ಪ್ಲಾಸ್ಟಿಕ್ಕು ತಣ್ಣಗಿರಬೇಕು. ಇದು ಜ್ವರ ಬಂದ ಮಗುವಿನಂತೆ ಬೆಚ್ಚಗಿತ್ತು. ತಿರುಪು ತಿರುಗಿಸಿದಳು. ಬೆನ್ನು ತೆರೆಯಿತು.

ಒಳಗೆ ರಬ್ಬರಿರಲಿಲ್ಲ. ಕರಿದಾರದ ಜೊತೆ ಹೊಸೆದ ಮೆತ್ತನೆಯ ಎಳೆಗೂದಲಿನ ಹುರಿ, ಗಂಟಿನ ಮೇಲೆ ಗಂಟು. ಸುಟ್ಟ ವಾಸನೆ ಮುಖಕ್ಕೆ ರಾಚಿತು.

"ಥೂ, ಪಾಪಿ," ಎಂದಳು.

ಕೈ ಮಾತ್ರ ಅಂಗಡಿಯ ಅಭ್ಯಾಸದಂತೆ ನಡೆಯಿತು. ಮೊದಲು ಹೊಸದು, ಆಮೇಲೆ ಹಳೆಯದು. ಹೊಸ ರಬ್ಬರು ಈ ಮನೆಯಲ್ಲಿರಲಿಲ್ಲ. ಅಂಗಡಿಯಲ್ಲಿ ರಬ್ಬರು ಮುಗಿದಾಗ ಮಾಡುತ್ತಿದ್ದಂತೆಯೇ ತನ್ನ ಜಡೆಯ ತುದಿಯ ರಬ್ಬರು ಎಳೆದುಕೊಂಡಳು. ಅದಕ್ಕೆ ಸುತ್ತಿಕೊಂಡಿದ್ದ ಕೂದಲೆಳೆಗಳನ್ನು ಆ ಕತ್ತಲಲ್ಲಿ ಯಾರು ನೋಡುತ್ತಾರೆ? ಪೋಣಿಸಿದಳು. ಕೊಕ್ಕೆಗೆ ಸಿಕ್ಕಿಸಿದಳು. ಹಳೆಯ ಹುರಿಗೆ ಕತ್ತರಿ ಹಾಕಿದಳು.

ಅಡುಗೆಮನೆಯಲ್ಲಿ ಲೋಟ ಬಿತ್ತು. ಗಂಡ ಕಿರುಚಿದ. ನೋವಿನ ಕಿರುಚಲ್ಲ. "ಅಮ್ಮಾ! ಬೆರಳು! ಅಮ್ಮಾ, ನನ್ನ ಬೆರಳು!"

ಅವಳು ಎದ್ದಳು. ಕತ್ತರಿ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದಳು. ಕೈ ಬರಲಿಲ್ಲ. ಬಲಗೈ ತಾನಾಗಿಯೇ ಏಳುತ್ತಿತ್ತು. ಮಡಚಿಕೊಳ್ಳುತ್ತಿತ್ತು. ಮೊಣಕೈಯೊಳಗೆ ಯಾರೋ ದಾರ ಎಳೆಯುತ್ತಿದ್ದರು. ಎದೆಗೆ ಅಂಟಿತು. ಹೆಬ್ಬೆರಳು ಒಳಕ್ಕೆ ತಿರುಗಿತು.

ಬಾಗಿಲಲ್ಲಿ ಮಾವ ಮರಳಿ ಬಂದು ನಿಂತಿದ್ದರು, ಕಾಲಲ್ಲಿ ಇನ್ನೂ ಚಪ್ಪಲಿ. ಅವಳ ಕೈ ನೋಡಿದರು. ಅದಕ್ಕಿಂತ ಹೆಚ್ಚು ಹೊತ್ತು ಗೊಂಬೆಯ ಕೈ ನೋಡಿದರು.

"ಮಗಂದು ಹೋಗಿ ಸೊಸೇದು ಬಂತು," ಎಂದರು ಮೆಲ್ಲಗೆ. "ನಂಗೇನು? ಗೊಂಬೆ ಪೂರ್ತಿ ಇದ್ರೆ ಸಾಕು. ಕೊಡಮ್ಮಾ ಇಲ್ಲಿ."

"ಕೊಡಲ್ಲ."

"ಒಂದು ಕೈಯಲ್ಲಿ ಏನ್ ಮಾಡ್ತೀಯಾ?"

"ನಿಮ್ಮ ಮಗ ಇಷ್ಟು ವರ್ಷ ಏನ್ ಮಾಡಿದ್ರೋ ಅದನ್ನೇ."

ಅವರು ನುಗ್ಗಿದರು. ಬಲಗೈ ಎತ್ತಿದರು. ಆ ಕೈಯನ್ನು ಹಿಂದಿನಿಂದ ಒಂದು ಕೈ ಹಿಡಿಯಿತು. ತೆಳ್ಳನೆಯ, ಬಿಳಿಚಿಕೊಂಡ ಕೈ. ಬಾಲ್ಯದಿಂದ ಏನನ್ನೂ ಹಿಡಿಯದ ಬೆರಳುಗಳು ಅಪ್ಪನ ಮಣಿಕಟ್ಟನ್ನು ಹಿಡಿದಿದ್ದವು.

"ಏ ರಿಪೇರಿ!" ಗಂಡ ಅಳುತ್ತಿದ್ದ. "ಬೇಗ ಏನಾದ್ರೂ ಮಾಡೇ! ಹೊಸ ಕೈ ಇದು, ಜಾಸ್ತಿ ಹೊತ್ತು ತಡೆಯಲ್ಲ!"

ಮೇಜಿನ ಮೇಲೆ ಕುಂಚವಿತ್ತು. ನರೆಗೂದಲಿನ ಕುಂಚ.

ಅವಳು ನೆಲಕ್ಕೆ ಕುಸಿದಳು. ಗೊಂಬೆಯನ್ನು ಮಂಡಿಗಳ ನಡುವೆ ಒತ್ತಿದಳು. ಕುಂಚವನ್ನು ಹಲ್ಲಿನಿಂದ ಕಿತ್ತಳು. ಬಾಯಿತುಂಬ ಧೂಳು, ಮುದಿಕೂದಲು. ಎಡಗೈಯಲ್ಲಿ ತುರುಕಿದಳು. ಸುತ್ತಿದಳು. ಮೊದಲು ಹೊಸದು. ಆಮೇಲೆ ಹಳೆಯದು.

"ಬೇಡಮ್ಮಾ!" ಮಾವ ಕೂಗಿದರು. "ಬೇಡ ತಾಯಿ!"

ನೆಲದ ಕತ್ತರಿ ಎಡಗೈಗೆ ಸಿಕ್ಕಿತು, ರಬ್ಬರಿನ ಮೇಲೆ ಕೂಡಿತು. ತನ್ನ ರಬ್ಬರನ್ನು ಹಲ್ಲಲ್ಲಿ ಕಚ್ಚಿ ಎಳೆದಳು. ಬಂತು. ಒಂದು ಎಳೆ ಮಾತ್ರ ಗೊಂಬೆಯ ಕೀಲಿನೊಳಗೆ ಉಳಿಯಿತು. ಬರಲಿಲ್ಲ.

ಮಾವನ ಕೈ ಮಗನ ಹಿಡಿತದೊಳಗೇ ಮಡಚಿಕೊಂಡಿತು.

ಈಗ ಕಿಟಕಿಗಳ ಕಪ್ಪು ಕಾಗದ ಹರಿದಿದೆ. ಡಬ್ಬಿಗಳು ಒಂದೊಂದಾಗಿ ಒಡೆದಿವೆ. ಮೊದಲನೆಯದನ್ನು ಒಡೆದವರು ಅತ್ತೆಯೇ. ಒಬ್ಬ ಗಗನಯಾತ್ರಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಟಕ್ ಟಕ್ ಎಂದು ನಡೆಸಿ, ಯಾರೂ ನೋಡಲಿಲ್ಲವೆಂದು ಸೆರಗಿನ ಮರೆಯಲ್ಲಿ ನಕ್ಕರು. ಗಂಡ ಬಲಗೈಯಲ್ಲಿ ಬರೆಯಲು ಕಲಿಯುತ್ತಿದ್ದಾನೆ. ಅಕ್ಷರ ಕಾಗೆ ಕಾಲಿನಂತಿದೆ. ಅವಳ ಕೈ ಮರಳಿದೆ, ಕಿರುಬೆರಳೊಂದನ್ನು ಬಿಟ್ಟು. ಅದು ಒಳಕ್ಕೆ ಬಾಗಿ ಸದಾ ತಣ್ಣಗಿರುತ್ತದೆ.

ಮುಳುಗುಗಾರ ಕಪಾಟಿನಲ್ಲೇ ಇದ್ದಾನೆ. ದಿನಾ ಅವಳೇ ಅವನ ಧೂಳು ಒರೆಸುತ್ತಾಳೆ. ಕಪಾಟಿಗೆ ಈಗ ಬೀಗವಿದೆ, ಕೀಲಿಕೈ ಅವಳ ಸೊಂಟದಲ್ಲಿ.

"ಸಾಕು ಕಣೇ," ಎಂದರು ಅತ್ತೆ ಒಂದು ದಿನ, ಅವಳಿಗೆ ಬೆನ್ನು ಮಾಡಿ. ಹಿಂದೆ ಬಾಗಿಲಿಗೆ ಮಾಡುತ್ತಿದ್ದ ಹಾಗೆ. "ಮುದುಕರು. ಅನ್ನ ಕಲಸೋಕೂ ಆಗಲ್ಲ. ಅದನ್ನೂ ಬಿಚ್ಚಿಬಿಡು."

ಕುರ್ಚಿಯಲ್ಲಿ ಕೂತಿದ್ದ ಮಾವ ತಲೆ ಎತ್ತಿದರು. ಎದೆಗೆ ಅಂಟಿದ ಕೈಯ ಹಿಂದೆ ಅವರ ಉಸಿರು ಏರಿಳಿಯುತ್ತಿತ್ತು. ಕಣ್ಣಲ್ಲಿ ನೀರಿತ್ತು.

ಅವಳು ಗಾಜಿನ ಬಾಗಿಲು ಮುಚ್ಚಿ ಬೀಗ ತಿರುಗಿಸಿದಳು. ಗಾಜಿನ ಮೇಲೆ ಬಿದ್ದಿದ್ದ ತನ್ನ ಬೆರಳಚ್ಚನ್ನು ಸೆರಗಿನಿಂದ ಒರೆಸಿದಳು.

"ಉಳಿದದ್ದೆಲ್ಲ ಆಡೋಕೆ ಅತ್ತೆ," ಎಂದಳು. "ಇದೊಂದು ಇಡೋಕೆ."