ಸಿಹಿಬಾಯಿ, ಪುರಾಣಪ್ಪ, ಸಪ್ಪೆ

"ಬಿಳಿ ಅಂಗಿ ಮೇಲೆ ಇಂಕು ಚೆಲ್ಲಿದೆ. ಹೋಗುತ್ತಾ?"

ಅಣ್ಣ ಮೊಬೈಲಿನಲ್ಲಿ ಟೈಪ್ ಮಾಡಿ ಕೌಂಟರ್ ಮೇಲಿಟ್ಟ. ಚಿನಕುರುಳಿ ಪೆನ್ಸಿಲ್ ಹಿಡಿದು ಬಗ್ಗಿ ನೋಡಿದಳು. ಅವಳ ನಿಜವಾದ ಹೆಸರು ಬಳಕೆಯಲ್ಲಿದ್ದದ್ದು ಶಾಲೆಯ ಹಾಜರಿಯಲ್ಲಿ ಮಾತ್ರ. ಮಾತಿಗೆ ನಿಂತರೆ ಪಟಪಟ ಸಿಡಿಯುತ್ತಾಳೆಂದು ಮನೆಯವರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು. ಇವತ್ತು ಅವಳು ಪರೀಕ್ಷಕಿ. ಪರೀಕ್ಷೆಗೆ ಕೂತಿದ್ದು ಮೂರು ಚಾಟ್‌ಬಾಟ್‌ಗಳು.

ಅಪ್ಪನದು ಲಾಂಡ್ರಿ. ದಿನವಿಡೀ ಅವನ ಕೈ ಮೊಣಕೈವರೆಗೂ ಸೋಪಿನ ನೊರೆಯಲ್ಲಿರುತ್ತಿತ್ತು. ಅದೇ ಹೊತ್ತಿಗೆ ಮೊಬೈಲು ಟಿಂಗ್ ಟಿಂಗ್ ಎನ್ನುತ್ತಿತ್ತು. ಪ್ಯಾಂಟ್ ಆಯ್ತಾ, ಅಂಗಡಿ ಎಷ್ಟು ಹೊತ್ತಿಗೆ ಮುಚ್ತೀರ, ಪರದೆ ಒಗೀತೀರಾ. ಅಪ್ಪ ಕೈ ಒರೆಸಿಕೊಂಡು ಉತ್ತರ ಕೊಡುವಷ್ಟರಲ್ಲಿ ಕೇಳಿದವರು ಪಕ್ಕದ ಬೀದಿಯ ಅಂಗಡಿಗೆ ಹೋಗಿಬಿಟ್ಟಿರುತ್ತಿದ್ದರು. ಚಾಟ್‌ಬಾಟ್ ಹಾಕಿಕೋ, ಅದೇ ಉತ್ತರ ಕೊಡುತ್ತದೆ ಎಂದು ಎದುರಂಗಡಿಯ ದರ್ಜಿ ಹೇಳಿಕೊಟ್ಟಿದ್ದ. ಮೂರು ಕಂಪನಿಯವರು ಪುಕ್ಕಟೆ ಟ್ರಯಲ್ ಕೊಟ್ಟಿದ್ದರು.

"ಇದೆಲ್ಲ ನಿಮಗೇ ಚೆನ್ನಾಗಿ ಗೊತ್ತಾಗೋದು. ಒಂದನ್ನ ಆರಿಸಿ," ಎಂದಿದ್ದ ಅಪ್ಪ ಮಕ್ಕಳಿಗೆ. "ಆದ್ರೆ ನನಗೆ ತೋರಿಸದೆ ಶುರು ಮಾಡ್ಬೇಡಿ."

ಮೊದಲನೆಯದು ಇಂಕಿನಲ್ಲಿ ಎಷ್ಟು ಬಗೆ ಎಂಬಲ್ಲಿಂದ ಶುರು ಮಾಡಿತು. ಅಣ್ಣ ಬೆರಳಲ್ಲಿ ಸರಿಸಿದ, ಸರಿಸಿದ, ಸರಿಸುತ್ತಲೇ ಹೋದ. ಅಂಗಿಯ ಮಾತು ಬರುವಷ್ಟರಲ್ಲಿ ಚಿನಕುರುಳಿಗೆ ಆಕಳಿಕೆ ಬಂತು. ಅದಕ್ಕೆ ಪುರಾಣಪ್ಪ ಎಂದು ಹೆಸರಿಟ್ಟಳು.

ಎರಡನೆಯದು ಒಂದೇ ಉಸಿರಿಗೆ ಮುಗಿಸಿತು: ಅಂಗಿ ನೋಡದೆ ಹೇಳಲಾಗದು, ಅಂಗಡಿಯವರನ್ನು ಕೇಳಿ ತಿಳಿಸುತ್ತೇನೆ. ಉಪ್ಪಿಲ್ಲ, ಖಾರ ಇಲ್ಲ. ಇದು ಸಪ್ಪೆ ಎಂದಳು ಚಿನಕುರುಳಿ.

ಮೂರನೆಯದು ಮಾತ್ರ ಕುಣಿದಾಡಿತು. "ಎಂಥ ಒಳ್ಳೆಯ ಪ್ರಶ್ನೆ! ಖಂಡಿತ ಹೋಗುತ್ತದೆ! ಚಿಂತೆ ಬಿಡಿ, ನಾವಿದ್ದೇವೆ!"

ಚಿನಕುರುಳಿ ಅದನ್ನು ಎರಡು ಸಲ ಓದಿದಳು. ಅವಳ ಪ್ರಶ್ನೆಯನ್ನು ಒಳ್ಳೆಯ ಪ್ರಶ್ನೆ ಎಂದು ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ. ಮಿಸ್ ಅಂತೂ, ಮೊದಲು ಕೂತ್ಕೋ, ಆಮೇಲೆ ಕೇಳು ಎನ್ನುತ್ತಿದ್ದರು. ಪ್ರಶ್ನೆ ಟೈಪ್ ಮಾಡಿದ್ದು ಅಣ್ಣ ಎಂಬುದನ್ನು ಅವಳು ಆ ಕ್ಷಣಕ್ಕೆ ಮರೆತೇಬಿಟ್ಟಳು. ಅದಕ್ಕೆ ಸಿಹಿಬಾಯಿ ಎಂದು ಹೆಸರಿಟ್ಟು ಹತ್ತಕ್ಕೆ ಹತ್ತು ಕೊಟ್ಟಳು.

ಅಣ್ಣ ಒಪ್ಪಲಿಲ್ಲ. ಅಂಗಡಿಯ ಮುಂದೆ ಹಾಕುವ ಬೋರ್ಡಿಗೆ ನಾಲ್ಕು ಸಾಲು ಬೇಕೆಂದಾಗ ಪುರಾಣಪ್ಪನೇ ಚೆನ್ನಾಗಿ ಬರೆದದ್ದು. ಯಾರ ಬಟ್ಟೆ ಯಾವತ್ತು ಕೊಡಬೇಕೆಂದು ಜೋಡಿಸಲು ಹೇಳಿದಾಗ ಸಪ್ಪೆ ಒಂದು ಕಾಲುಚೀಲವನ್ನೂ ತಪ್ಪಿಸಿರಲಿಲ್ಲ. ಸಿಹಿಬಾಯಿ ಇಬ್ಬರು ಗಿರಾಕಿಗಳ ಪ್ಯಾಂಟು ಅದಲುಬದಲು ಮಾಡಿತ್ತು, ಅದೂ ನಗುಮುಖದ ಚಿತ್ರ ಹಾಕಿ.

"ಸಪ್ಪೆನೇ ಇರಲಿ. ಅದು ತಪ್ಪು ಮಾಡಲ್ಲ," ಎಂದ ಅಣ್ಣ.

"ಬಾಯೇ ಬಿಡದಿದ್ರೆ ತಪ್ಪು ಹೇಗೆ ಆಗುತ್ತೆ?" ಎಂದಳು ಚಿನಕುರುಳಿ.

ಜಗಳ ಮುಗಿಯುವ ಮೊದಲೇ ಅಣ್ಣನಿಗೆ ಫುಟ್‌ಬಾಲ್ ಪ್ರಾಕ್ಟೀಸಿಗೆ ಹೊತ್ತಾಯಿತು. ಅಪ್ಪ ಹಿಂದಿನ ಕೋಣೆಯಲ್ಲಿ ಹೋಟೆಲಿನ ಹಾಸುಗಳನ್ನು ಒಗೆಯುತ್ತಿದ್ದ. ಕೌಂಟರ್ ಮೇಲೆ ಉಳಿದದ್ದು ಮೊಬೈಲು ಮತ್ತು ಚಿನಕುರುಳಿ.

ಟಿಂಗ್.

ಬರೆದವರು ಆಸ್ಪತ್ರೆಯ ನರ್ಸ್. ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಮಗನ ಕಂಬಳಿ ಮೇಲೆ ಹಾಲು ಚೆಲ್ಲಿದೆ, ಸಂಜೆಯೊಳಗೆ ಒಗೆದು ಒಣಗಿಸಿ ಕೊಡ್ತೀರಾ, ನನಗೆ ರಾತ್ರಿ ಡ್ಯೂಟಿ, ಅದಿಲ್ಲದೆ ಅವನು ಮಲಗಲ್ಲ ಎಂದು ಕೇಳಿದ್ದರು.

ಒಂದೇ ಒಂದು ಸಲ ಎಂದುಕೊಂಡು ಚಿನಕುರುಳಿ ಸಿಹಿಬಾಯಿಯ ಗುಂಡಿ ಒತ್ತಿದಳು. ಕಣ್ಣು ಮಿಟುಕಿಸುವುದರಲ್ಲಿ ಉತ್ತರ ಹೋಯಿತು. "ಖಂಡಿತ! ಸಂಜೆಗೇ ರೆಡಿ! ಪುಟಾಣಿಗೆ ಸಿಹಿನಿದ್ದೆ ಗ್ಯಾರಂಟಿ!"

ಅವಳು ಅದನ್ನು ಓದಿ ನಕ್ಕಳು. ಸಿಹಿನಿದ್ದೆ ಎಂಬ ಮಾತು ಬಲು ಹಿಡಿಸಿತು.

ಸ್ವಲ್ಪ ಹೊತ್ತಿಗೆ ಸಿಸ್ಟರ್ ಬಕೆಟ್ ಹಿಡಿದು ಓಡೋಡಿ ಬಂದರು. ಮಾತು ಸಿಕ್ಕಿತಲ್ಲ ಎಂಬ ಧೈರ್ಯದಲ್ಲಿ ಕಂಬಳಿಯನ್ನು ಮನೆಯಲ್ಲೇ ಸೋಪಿನ ನೀರಿನಲ್ಲಿ ಮುಳುಗಿಸಿ ತಂದಿದ್ದರು. ದಪ್ಪ ಉಣ್ಣೆಯ ಕಂಬಳಿ. ಎತ್ತಿದರೆ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತು.

ಅಪ್ಪ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಕಂಬಳಿ ನೋಡಿದ. ಮೋಡ ಕವಿದ ಆಕಾಶ ನೋಡಿದ. ಸಂಜೆಗೆ ಎಂದು ಹೇಳಿದ್ದು ಯಾರು ಎಂದು ಮೆಲ್ಲಗೆ ಕೇಳಿದ.

"ನೀವೇ ಅಲ್ವಾ?" ಸಿಸ್ಟರ್ ತಮ್ಮ ಮೊಬೈಲ್ ತೋರಿಸಿದರು.

ಅಪ್ಪ ಓದಿದ. ಸಿಹಿನಿದ್ದೆ ಗ್ಯಾರಂಟಿ ಎಂಬಲ್ಲಿಗೆ ಬಂದಾಗ ತಲೆಯೆತ್ತಿ ಕೌಂಟರಿನ ಕಡೆ ನೋಡಿದ. ಅಲ್ಲಿ ಚಿನಕುರುಳಿ ಹ್ಯಾಂಗರುಗಳನ್ನು ಬಹಳ ಶ್ರದ್ಧೆಯಿಂದ ಜೋಡಿಸುತ್ತಿದ್ದಳು.

ಬಟ್ಟೆ ಒಣಗಿಸುವ ಮೆಷಿನ್ ನಿನ್ನೆಯೇ ಕೆಟ್ಟಿತ್ತು. ಮೆಕ್ಯಾನಿಕ್ ಬರುವುದು ನಾಳೆ. ಸಿಹಿಬಾಯಿಗೆ ಅದು ಗೊತ್ತಿರಲಿಲ್ಲ. ಚಿನಕುರುಳಿಗೆ ಗೊತ್ತಿತ್ತು.

"ತಪ್ಪು ನಮ್ಮದು, ಸಿಸ್ಟರ್. ಕೈಲಾದಷ್ಟು ಮಾಡ್ತೀವಿ," ಎಂದ ಅಪ್ಪ. "ಆದ್ರೆ ಸಂಜೆಗೆ ಒಣಗುತ್ತೆ ಅಂತ ನಾನು ಮಾತು ಕೊಡಲಾರೆ."

ಸಿಸ್ಟರ್ ಮುಖ ಸಣ್ಣಗಾಯಿತು. ಮನೆಯಲ್ಲಿ ಅಡುಗೆ ಮುಗಿಸಿ ಡ್ಯೂಟಿಗೆ ಹೊರಡಬೇಕಿತ್ತು. ಸಂಜೆ ಅಮ್ಮನನ್ನು, ಮಗನನ್ನು ಕಳಿಸುತ್ತೇನೆ ಎಂದಷ್ಟೇ ಹೇಳಿ ಹೊರಟುಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಚಿನಕುರುಳಿಗೆ.

ಅಪ್ಪನೂ ಬೈಯಲಿಲ್ಲ. ಕಂಬಳಿಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟ. ಒಗೆದರು, ಜಾಲಿಸಿದರು. ಅಪ್ಪ ಆ ಕಡೆ, ಅವಳು ಈ ಕಡೆ ನಿಂತು ಹಿಂಡಿದರು. ಒಣ ಟವೆಲ್ಲಿನಲ್ಲಿ ಸುತ್ತಿ ಒತ್ತಿದರು. ಆಮೇಲೆ ಹಗ್ಗಕ್ಕೆ ಹಾಕಿ ಎರಡು ಕಡೆ ಎರಡು ಟೇಬಲ್ ಫ್ಯಾನ್ ಇಟ್ಟರು. ಆಟ ಮುಗಿಸಿ ಬಂದ ಅಣ್ಣ ವಿಷಯ ಕೇಳಿ, ಸಿಹಿಬಾಯಿನೇ ಕರೆಸಿ ಊದಿಸೋಣ ಎಂದ. ಹಾಗೆಂದವನೇ ಮನೆಗೆ ಓಡಿಹೋಗಿ ಅಮ್ಮನ ಹೇರ್ ಡ್ರೈಯರ್ ತಂದ.

ಚಿನಕುರುಳಿ ಹೇರ್ ಡ್ರೈಯರ್ ಹಿಡಿದು ನಿಂತಾಗ ಅಣ್ಣ, ಅಪ್ಪ ಇಬ್ಬರೂ ಮೊಬೈಲ್ ಹಿಡಿದು ಕೂತರು. ಚಾಟ್‌ಬಾಟ್‌ಗೆ ಮೆಷಿನ್ ಕೆಟ್ಟಿದೆ ಅಂತ ನಾವು ಹೇಳಿಕೊಡದೆ ಹೇಗೆ ಗೊತ್ತಾಗಬೇಕು ಎಂದ ಅಪ್ಪ. ಗಿರಾಕಿಗಳಿಗೆ ಸಪ್ಪೆ ಉತ್ತರ ಕೊಡಲಿ, ಬೋರ್ಡು ಪುರಾಣಪ್ಪ ಬರೆಯಲಿ ಎಂದು ತೀರ್ಮಾನವಾಯಿತು.

"ಸಿಹಿಬಾಯಿ?" ಎಂದು ಕೇಳಿದಳು ಚಿನಕುರುಳಿ.

"ಬರ್ತ್‌ಡೇ ವಿಶ್ ಬರೆಯೋಕೆ ಚೆನ್ನಾಗಿರುತ್ತೆ," ಎಂದ ಅಪ್ಪ.

ಸಂಜೆ ಅಜ್ಜಿಯ ಸೆರಗು ಹಿಡಿದು ಸಿಸ್ಟರ್ ಮಗ ಗುಂಡ ಬಂದ. ಇನ್ನೂ ಶಾಲೆಗೆ ಸೇರಿರದ ಪುಟ್ಟ ಹುಡುಗ, ಕೆನ್ನೆ ಮಾತ್ರ ಎರಡಾಳಿನದು. ನೇರವಾಗಿ ಚಿನಕುರುಳಿಯ ಮುಂದೆ ನಿಂತು, "ನನ್ ಕಂಬಳಿ ಆಯ್ತಾ?" ಎಂದ.

"ಇನ್ನೇನು, ಎರಡೇ ನಿಮಿಷ," ಎಂದಳು.

ಗುಂಡ ಸ್ಟೂಲು ಹತ್ತಿ ಕೂತು ಎರಡೂ ಕೈ ಮುಂದಕ್ಕೆ ಚಾಚಿದ. ಆಗಲೇ ಯಾರೋ ಕಂಬಳಿ ತಂದು ಇಡುತ್ತಾರೆ ಎಂಬ ಹಾಗೆ. ಕೈ ಸೋತ ಮೇಲೆ ಮತ್ತೆ ಕೇಳಿದ. ಆಯ್ತು ಆಯ್ತು, ಇನ್ನೇನು ಆಗೇಹೋಯ್ತು ಎಂದಳು ಚಿನಕುರುಳಿ. ಅವನು ಮತ್ತೆ ಕೈ ಚಾಚಿದ.

ಮೂರನೇ ಸಲ ಅವನು ಕೇಳಲಿಲ್ಲ. ಅವಳ ಮುಖ ನೋಡಿದ, ಕೈ ಮಡಿಚಿಕೊಂಡ, ಸ್ಟೂಲಿನಿಂದ ಇಳಿದು ಹೋಗಿ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿಬಿಟ್ಟ. ಸಣ್ಣ ಬೆನ್ನು ಮೇಲೆ ಕೆಳಗೆ ಆಗತೊಡಗಿತು.

ಚಿನಕುರುಳಿ ಹೇರ್ ಡ್ರೈಯರ್ ಆರಿಸಿದಳು. ಎಂದೂ ಖಾಲಿಯಾಗದ ಅವಳ ಬಾಯಲ್ಲಿ ಈಗ ಹೇಳಲು ಒಂದೇ ಒಂದು ಮಾತಿತ್ತು. ಅದು ಅಷ್ಟೇನೂ ಚೆಂದದ ಮಾತಾಗಿರಲಿಲ್ಲ. ಅವಳು ಗುಂಡನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು.

"ಯಾವಾಗ ಒಣಗುತ್ತೋ ನನಗೆ ಗೊತ್ತಿಲ್ಲ ಕಣೋ," ಎಂದಳು. "ಬಾ, ನೀನೇ ಮುಟ್ಟಿ ನೋಡು."

ಬೆನ್ನು ಅಲ್ಲಾಡುವುದು ನಿಂತಿತು. ಒಂದು ಕಣ್ಣು ಹೊರಗೆ ಬಂತು. ಗುಂಡ ಎದ್ದು ಹೋಗಿ ಕಂಬಳಿಯ ಮೇಲೆ ಅಂಗೈ ಇಟ್ಟ.

"ಒದ್ದೆ," ಎಂದ.

"ಹೌದು. ಒದ್ದೆ."

"ಇಲ್ಲೂ ಒದ್ದೆ."

"ಅಲ್ಲೂ ಒದ್ದೆ."

ಅವನಿಗೆ ಅಳು ಬರಲಿಲ್ಲ. ಬದಲಿಗೆ ಮೂಗು ಒರೆಸಿಕೊಂಡು ಮುಂದಿನ ಜಾಗ ಮುಟ್ಟಿದ. ಇಬ್ಬರೂ ಕಂಬಳಿಯ ಸುತ್ತ ತಡಕಾಡುತ್ತ ಹೋದರು. ಫ್ಯಾನಿನ ಹತ್ತಿರದ ಒಂದು ಮೂಲೆಯಲ್ಲಿ ಗುಂಡನ ಕೈ ನಿಂತಿತು. ಆ ಮೂಲೆ ಬೆಚ್ಚಗಿತ್ತು. ಅವನು ಅದನ್ನು ಕೆನ್ನೆಗೆ ಒತ್ತಿಕೊಂಡು ಅಜ್ಜಿಗೆ, ಅಣ್ಣನಿಗೆ, ಅಪ್ಪನಿಗೆ ಒಬ್ಬೊಬ್ಬರಿಗೇ ವರದಿ ಒಪ್ಪಿಸಿದ. ಇಲ್ಲಿ ಒಣಗಿದೆ, ಅಲ್ಲಿ ಇಲ್ಲ.

"ಮೂರನ್ನೂ ಬಿಟ್ಟು ಇವನನ್ನೇ ಇಟ್ಕೊಳ್ಳೋಣ," ಎಂದ ಅಪ್ಪ. "ಮುಟ್ಟಿ ನೋಡಿ ಹೇಳ್ತಾನೆ."

ಚಿನಕುರುಳಿ ಮೊಬೈಲ್ ತೆಗೆದುಕೊಂಡು ಸಿಸ್ಟರ್‌ಗೆ ತಾನೇ ಬರೆದಳು. ಒಂದು ಮೂಲೆ ಒಣಗಿದೆ, ಉಳಿದದ್ದು ಇನ್ನೂ ಒದ್ದೆ, ಬಟನ್ ಒತ್ತಿದ್ದು ನಾನು, ಸಾರಿ. ಬರೆದು ಅಪ್ಪನಿಗೆ ತೋರಿಸಿದಳು. ಅಪ್ಪ ತಲೆಯಾಡಿಸಿದ ಮೇಲೆ ಕಳಿಸಿದಳು. ಡ್ಯೂಟಿಯ ನಡುವೆ ಯಾವಾಗ ಬಿಡುವಾಯಿತೋ, ತಡವಾಗಿ ಉತ್ತರ ಬಂತು. "ಮೂಲೆ ಸಾಕು ಪುಟ್ಟಿ. ಅವನು ಹಿಡ್ಕೊಳ್ಳೋದು ಮೂಲೆನೇ."

ಆ ಹೊತ್ತಿಗೆ ಗುಂಡ ಇಸ್ತ್ರಿ ಮಾಡಿದ ಹಾಸುಗಳ ಗುಡ್ಡೆಗೆ ಒರಗಿ, ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು, ಬಾಯಿ ತೆರೆದು ನಿದ್ದೆ ಹೋಗಿದ್ದ. ಉಳಿದ ಕಂಬಳಿ ಅವನ ತಲೆಯ ಮೇಲೆ ಫ್ಯಾನಿನ ಗಾಳಿಗೆ ನಿಧಾನವಾಗಿ ತೂಗುತ್ತಿತ್ತು.

"ಇನ್ನು ಸ್ವಲ್ಪ ಹೊತ್ತಿಗೆ ಪೂರ್ತಿ ಒಣಗಿಬಿಡುತ್ತೇನಮ್ಮಾ?" ಎಂದು ಅಜ್ಜಿ ಪಿಸುಮಾತಿನಲ್ಲಿ ಕೇಳಿದರು.

ಚಿನಕುರುಳಿ ಗುಂಡನಿಗೆ ಎಚ್ಚರವಾಗದಂತೆ ತುದಿಗಾಲಿನಲ್ಲಿ ಹೋಗಿ, ಕಂಬಳಿಯ ನಡುಭಾಗವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ನಿಂತಳು.

"ನಡುವೆ ಇನ್ನೂ ತಣ್ಣಗಿದೆ, ಅಜ್ಜಿ."

"ಸರಿ ಹಾಗಾದ್ರೆ," ಎಂದು ಅಜ್ಜಿ ಕಾಲು ಚಾಚಿ ಗೋಡೆಗೆ ಒರಗಿ ಕೂತರು.